ಲೋಕದ ಕೊನೆ ನೋಡಲು ಅವ್ವ ಹೊರಟಿದ್ದು

ನಮ್ಮವ್ವನ ಫೋನಿಗೆ ಆ ವಿಡಿಯೋ ಯಾರು ಕಳಿಸಿದರೋ ಗೊತ್ತಿಲ್ಲ. ನಾನು ನಂಜನಗೂಡಿನಲ್ಲಿ ನರ್ಸ್ ಕೆಲಸ ಮಾಡುತ್ತೇನೆ, ರಜೆ ಸಿಕ್ಕಾಗ ಹೆಮ್ಮಿಗೆ ಪಕ್ಕದ ನಮ್ಮೂರಿಗೆ ಹೋಗಿ ಬರುತ್ತೇನೆ. ಹಾಗೆ ಹೋದ ಒಂದು ಭಾನುವಾರ ಅವ್ವ ಹಸುವಿಗೆ ಹುಲ್ಲು ಹಾಕಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಶ್ರೀಲಂಕಾದ ಬೆಟ್ಟಗಳ ಮೇಲಿನ ಒಂದು ಹುಲ್ಲುಗಾವಲು. ಕನ್ನಡದ ಹುಡುಗನೊಬ್ಬ ಫೋನು ಹಿಡಿದುಕೊಂಡು ನಡೆಯುತ್ತಿದ್ದಾನೆ. ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ನೆಲವೇ ನಿಂತುಬಿಡುತ್ತದೆ. ಮುಂದೆ ಬರೀ ಆಕಾಶ. ‘ಇದೇ ನೋಡಿ ಲೋಕದ ಕೊನೆ’ ಅನ್ನುತ್ತಾನೆ. ವಿಡಿಯೋನೂ ಅಲ್ಲಿಗೇ ಮುಗಿಯುತ್ತದೆ.

“ಮುಗುದ್ಮೇಲ ಯಾನದ ಅಂತ ಆ ಹೈದ ತೋರಿಸ್ಲೇ ಇಲ್ವಲ್ಲವ್ವ” ಅಂದಳು ಅವ್ವ.

“ಏನಿರುತ್ತೆ? ಪ್ರಪಾತ ಇರುತ್ತೆ.”

“ಪ್ರಪಾತದ ಕೆಳಗ?”

ಯಾರನ್ನಾದರೂ ಕೇಳಿ ಹೇಳುತ್ತೇನೆ ಅಂದೆ. ಅವ್ವ ಹುಟ್ಟಿ ಬೆಳೆದದ್ದು, ಮದುವೆಯಾಗಿ ಬಂದದ್ದು, ನಾಟಿ ಹಾಕಿದ್ದು, ಕಳೆ ಕಿತ್ತದ್ದು ಎಲ್ಲ ಕಾಲುವೆ ನೀರಿನ ಬಯಲಿನಲ್ಲೇ. ಮುಡುಕುತೊರೆ ಬೆಟ್ಟಕ್ಕಿಂತ ಎತ್ತರದ ಜಾಗವನ್ನು ಅವಳು ಹತ್ತಿದವಳಲ್ಲ. ಆದರೂ ಆವತ್ತಿನಿಂದ ಅದೊಂದೇ ಮಾತು. ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವ ಮೊದಲೇ, “ಯಾರನ್ನಾರ ಕೇಳ್ದಾ?” ಅನ್ನುತ್ತಿದ್ದಳು.

ಆ ವರ್ಷ ನರಸೀಪುರದ ಕಡೆಯ ನಮ್ಮ ಬೌದ್ಧ ಮನೆಗಳವರು ಸೇರಿ ಶ್ರೀಲಂಕಾಕ್ಕೆ ಯಾತ್ರೆ ಹೊರಟರು. ಅನುರಾಧಪುರದ ಬೋಧಿವೃಕ್ಷ, ಕ್ಯಾಂಡಿಯ ದಂತ ಮಂದಿರ. ಹಸು ಬಿಟ್ಟು ಬರಲಾರೆ ಅಂತ ಅಪ್ಪ ಉಳಿದರು. ಅವ್ವ ಮೊದಲನೆಯವಳಾಗಿ ಹೆಸರು ಕೊಟ್ಟಳು, ನನ್ನ ಹೆಸರನ್ನೂ ಕೊಟ್ಟಳು. ಹದಿನಾರು ಎಂಬ ಊರಿನಲ್ಲಿರುವ ಅವಳ ಅಕ್ಕ, ನಮ್ಮ ದೊಡ್ಡವ್ವ, ತಾನಿಲ್ಲದೆ ತಂಗಿಯನ್ನು ಸಮುದ್ರ ದಾಟಲು ಬಿಡಲಾರದೆ ತಾನೂ ಬಂದಳು.

“ಭೂಮಿ ಎಲ್ಲಾರ ಮುಗುದೋಯ್ತದ? ಪೆದ್ದಿ” ಅಂದಳು ದೊಡ್ಡವ್ವ, ವಿಮಾನ ಇನ್ನೂ ಬೆಂಗಳೂರು ಬಿಟ್ಟಿರಲಿಲ್ಲ.

“ಅದ್ನೇ ಕಣಕ್ಕ ನೋಡಕ್ಕ ಓಯ್ತಿರೋದು” ಅಂದಳು ಅವ್ವ.

ಬೋಧಿವೃಕ್ಷದ ಮುಂದೆ ಅವ್ವ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದಳು. ಎಬ್ಬಿಸಲು ನನಗೇ ಮನಸ್ಸಾಗಲಿಲ್ಲ. ಆದರೆ ಕ್ಯಾಂಡಿಗೆ ಬಂದು ಉಳಿದವರೆಲ್ಲ ಅಂಗಡಿ ಬೀದಿ ಸುತ್ತಲು ಹೊರಟಾಗ ಅವಳು ಚಪ್ಪಲಿ ಬಿಚ್ಚಿಟ್ಟು, ನಂಜನಗೂಡಿನಲ್ಲಿ ಕೊಂಡಿದ್ದ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತುಬಿಟ್ಟಳು. ನಾವು ಮೂವರು ಬೇರೆ ವ್ಯಾನು ಮಾಡಿಕೊಂಡು ಬೆಟ್ಟಕ್ಕೆ ಹೋಗಿ, ಯಾತ್ರೆಯವರನ್ನು ಕೊಲಂಬೋದಲ್ಲಿ ಸೇರಿಕೊಳ್ಳುವುದೆಂದಾಯಿತು. ಡ್ರೈವರು ತಮಿಳು ಮಾತಾಡುವವರು. ನಾನು ಮೊದಲು ಕೊಯಮತ್ತೂರಿನ ಆಸ್ಪತ್ರೆಯಲ್ಲಿದ್ದವಳು, ಹಾಗಾಗಿ ನನ್ನ ಅರೆಬರೆ ತಮಿಳು ಕೆಲಸಕ್ಕೆ ಬಂತು.

ರಸ್ತೆಯುದ್ದಕ್ಕೂ ಟೀ ತೋಟ. ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ. ಅವಳ ಪ್ರಶ್ನೆಗಳನ್ನು ನಾನು ತಮಿಳಿಗೆ ತಿರುಗಿಸುವುದು, ಡ್ರೈವರ ಉತ್ತರವನ್ನು ಕನ್ನಡಕ್ಕೆ ತಿರುಗಿಸುವುದು. ಇಷ್ಟು ಇಳಿಜಾರಿನಲ್ಲಿ ನಿಂತು ಸೊಪ್ಪು ಕೀಳುವವರು ಜಾರುವುದಿಲ್ಲವೆ? ಗಿಡವನ್ನು ಎತ್ತರಕ್ಕೆ ಬಿಟ್ಟರೆ ಮರವಾಗುತ್ತದೆಯೆ? ಆಗುತ್ತದೆ ಅಂದರು ಡ್ರೈವರು. ಟೀ ಗಿಡ ಮರವಾಗುತ್ತದೆಂದು ನನಗೂ ಆವತ್ತೇ ಗೊತ್ತಾದದ್ದು.

ಮರುದಿನ ಬೆಳಗಿನ ಚಳಿಯಲ್ಲಿ ಆ ಹುಲ್ಲುಗಾವಲಿಗೆ ಹೋದೆವು. ಅದು ಈಗ ಕಾಯ್ದಿಟ್ಟ ಕಾಡು, ಬಾಗಿಲಲ್ಲಿ ಚೀಲ ತೆರೆದು ನೋಡುತ್ತಾರೆ. ಕಾವಲಿನವನು ದೊಡ್ಡವ್ವನ ಚೀಲದಿಂದ ಕಡ್ಲೆಪುರಿಯ ಪ್ಲಾಸ್ಟಿಕ್ ಕವರನ್ನು ಹೊರಗೆ ತೆಗೆದ.

“ಅಯ್ಯಯ್ಯೋ, ನಮ್ ಪುರಿ ಕಿತ್ಕತಾವ್ನಲ್ಲೇ!”

ಅವನು ಪುರಿ ಕಿತ್ತುಕೊಳ್ಳಲಿಲ್ಲ. ಅದನ್ನೆಲ್ಲ ಪೇಪರಿಗೆ ಸುರಿದು, ಮಡಿಸಿ ಕೊಟ್ಟು, ಕವರನ್ನು ಮಾತ್ರ ಇಟ್ಟುಕೊಂಡ. ಕಾಡಿನೊಳಕ್ಕೆ ಪ್ಲಾಸ್ಟಿಕ್ ಹೋಗಬಾರದಂತೆ. ದೊಡ್ಡವ್ವನಿಗೆ ಆ ಪೇಪರಿನ ಮೇಲೆ ನಂಬಿಕೆ ಬರಲಿಲ್ಲ. ಪುರಿಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವ್ಯಾನು ನಿಲ್ಲಿಸಿದ ಕಡೆ ಒಂದು ಕಡವೆ ನಿಂತಿತ್ತು. ಕೊಂಬಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಅದು ನಮ್ಮನ್ನು ನೋಡಿ ಓಡಲಿಲ್ಲ, ಪುರಿಯ ಗಂಟನ್ನೇ ನೋಡಿತು. ದೊಡ್ಡವ್ವ ನನ್ನ ಹಿಂದಕ್ಕೆ ಬಂದು ನಿಂತಳು.

ದಾರಿ ಹುಲ್ಲಿನ ನಡುವೆ ಏರಿ ಇಳಿದು ಹೋಗುತ್ತಿತ್ತು. ಗಾಳಿಗೆ ಸೊಟ್ಟಗಾದ ಕುಳ್ಳ ಮರಗಳು. ಕೊಂಬೆಗಳ ತುಂಬ ಪಾಚಿ, ಅಲ್ಲಲ್ಲಿ ಕೆಂಪು ಹೂವು. ಅವ್ವ ಬಗ್ಗಿ ಮಣ್ಣು ಮುಟ್ಟಿ ಮೂಸಿದಳು. “ಎಂಥಾ ಕರೀ ಮಣ್ಣು! ಇಷ್ಟು ಹುಲ್ಲದಲ್ಲ, ಯಾರೂ ದನ ಬುಡಲ್ವ?” ಒಂದು ಎಲೆ ಕೀಳಲೂ ಬಿಡುವುದಿಲ್ಲವಂತೆ ಅಂದೆ. ಹಿಡಿದ ಮಣ್ಣನ್ನು ತಟ್ಟನೆ ಕೆಳಗೆ ಹಾಕಿ ಕೈ ಕೊಡವಿದಳು. ದೊಡ್ಡವ್ವ ಮಂಡಿ ಹಿಡಿದುಕೊಂಡು ಹೆಜ್ಜೆಗೊಂದು ಮಾತು ಬಯ್ಯುತ್ತಾ ಬಂದಳು. ಬಯ್ಯುತ್ತಿದ್ದಳೇ ಹೊರತು ಒಂದು ಸಲವೂ ಕೂರಲಿಲ್ಲ.

ಕೊನೆಗೆ ಆ ಜಾಗ ಬಂತು. ನೋಡಿದರೆ ಎಲ್ಲಾ ಬಿಳುಪು. ಮುಂದೆ, ಕೆಳಗೆ, ಮೇಲೆ, ಎಲ್ಲೆಲ್ಲೂ ಮಂಜು. ನಮಗಿಂತ ಮುಂಚೆ ಬಂದಿದ್ದವರು ಬೇಸರದಿಂದ ಒಂದೆರಡು ಫೋಟೋ ಹೊಡೆದುಕೊಂಡು ವಾಪಸು ಹೊರಟಿದ್ದರು.

“ಆಯ್ತಲ್ಲ, ಮುಗುದದ. ನೋಡ್ದಲ್ಲ, ನಡಿ” ಅಂದಳು ದೊಡ್ಡವ್ವ.

ಅವ್ವ ಬಂಡೆಯ ಮೇಲೆ ಕೂತಳು. ನಾವೂ ಕೂತು ಪುರಿ ತಿಂದೆವು. ಮಂಜು ನಮ್ಮ ಮೇಲೆಯೇ ಹಾದುಹೋಗುತ್ತಿತ್ತು, ಶಾಲು ಒದ್ದೆಯಾಯಿತು. ಬಿಸಿಲೇರಿದಂತೆ ಮಂಜು ಇನ್ನೂ ಹೆಚ್ಚುತ್ತದೆಂದು ಡ್ರೈವರು ಮೊದಲೇ ಹೇಳಿದ್ದರು. ಅದನ್ನು ಅವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಇಷ್ಟು ದೂರ ಕರೆತಂದು ಬರಿಗೈಯಲ್ಲಿ ವಾಪಸು ಕರೆದೊಯ್ಯಬೇಕಲ್ಲ ಎಂದು ಒಳಗೇ ಸಂಕಟಪಡುತ್ತಿದ್ದೆ.

ಆಗ ಗಾಳಿಯ ದಿಕ್ಕು ಬದಲಾಯಿತು. ನಮ್ಮ ಕಾಲ ಕೆಳಗಿನ ಮಂಜು ಒಂದು ಕಡೆ ಹರಿದು ತೂತಾಯಿತು. ಅವ್ವ ಎದ್ದವಳೇ ಬಂಡೆಯ ಅಂಚಿನ ಕಡೆಗೆ ಹೋಗಿ, ನಾನು ಕೂಗುವಷ್ಟರಲ್ಲಿ ಮೊಣಕಾಲೂರಿ, ಹೊಟ್ಟೆಯ ಮೇಲೆ ಮಲಗಿಯೇಬಿಟ್ಟಳು. ಅರವತ್ತು ದಾಟಿದ ಹೆಂಗಸು, ಸೀರೆ ಉಟ್ಟುಕೊಂಡು, ಲೋಕದ ಕೊನೆಯಲ್ಲಿ ಬೋರಲಾಗಿ ಮಲಗಿದ್ದಳು. ನಾನು ಹೋಗಿ ಹಿಡಿಯುವ ಮೊದಲೇ ದೊಡ್ಡವ್ವ ತನ್ನ ಮಂಡಿ ನೋವು ಮರೆತು ದಡದಡನೆ ಹೋಗಿ ತಂಗಿಯ ಎರಡೂ ಕಾಲು ಹಿಡಿದು ಕೂತಿದ್ದಳು.

“ಬುಡಬ್ಯಾಡ ಕಣಕ್ಕ” ಅಂದಳು ಅವ್ವ.

“ಬುಡಲ್ಲ. ಯಾನ ಕಾಣ್ತದ ಹೇಳು.”

ಅವ್ವ ಕತ್ತನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಆಮೇಲೆ ಕೂಗಿದಳು, “ಮನಗಳವ ಕಣಕ್ಕ! ರಸ್ತ ಅದ. ತಗಡಿನ ಮನ, ಬೆಂಕಿಪೊಟ್ಣದಂಗ. ಯಾರೋ ಸೌದ ಉರಿ ಹಾಕವ್ರ, ಹೊಗ ಬತ್ತಾದ!”

“ಸುಳ್ಳು ಹೇಳ್ಬ್ಯಾಡ.”

“ಬಾ, ನೀನೇ ನೋಡು.”

ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ಅವ್ವನ ಕಾಲನ್ನು ಒಂದು ಕೈಯಲ್ಲಿ, ದೊಡ್ಡವ್ವನ ಕಾಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ. ಅಕ್ಕ ತಂಗಿ ಪಕ್ಕಪಕ್ಕ ಮಲಗಿ ಕೆಳಗೆ ನೋಡುತ್ತಾ ಅದೇನು ಇದೇನು ಅಂತ ವಾದ ಮಾಡಿದರು. ಹೊಳೆಯುವುದು ಕೆರೆ ಅಂದಳು ಅವ್ವ, ಶೀಟು ಹೊದಿಸಿದ ಗೋಡೌನು ಅಂದಳು ದೊಡ್ಡವ್ವ. ತೀರ್ಮಾನವಾಗುವ ಮೊದಲೇ ಮಂಜು ಮುಚ್ಚಿಕೊಂಡಿತು. ನಾನು ಕಾಲು ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ನನಗೆ ಏನೂ ಕಾಣಲಿಲ್ಲ.

ವ್ಯಾನಿಗೆ ವಾಪಸು ಬಂದ ಅವ್ವನ ಮೊದಲ ಮಾತು, “ಆ ಕೆಳಗಿನ ಊರ್ಗ ಓಗಾಕಾಯ್ತದ ಕೇಳು.” ಡ್ರೈವರು ನಕ್ಕರು. ಕೊಲಂಬೋಗೆ ಆ ಕಡೆಯಿಂದಲೂ ಒಂದು ರಸ್ತೆಯಿದೆ, ಬೆಟ್ಟ ಬಳಸಿ ಇಳಿಯಬೇಕು ಅಂದರು.

ಇಳಿದೆವು. ಸೆಕೆ ಶುರುವಾಯಿತು, ಸ್ವೆಟರು ಬಿಚ್ಚಿದೆವು. ಬೆಟ್ಟದ ಬುಡದ ಒಂದು ಸಣ್ಣ ಟೀ ಅಂಗಡಿಯ ಮುಂದೆ ಡ್ರೈವರು ನಿಲ್ಲಿಸಿ ಮೇಲೆ ಕೈ ತೋರಿಸಿದರು. ಅಲ್ಲಿ ಬರೀ ಮೋಡವಿತ್ತು. ಅಂಗಡಿಯಾಕೆ ಅವ್ವನ ವಯಸ್ಸಿನವರು, ತಮಿಳಿನವರು, ಚಿಕ್ಕಂದಿನಿಂದ ತೋಟದಲ್ಲಿ ಸೊಪ್ಪು ಕಿತ್ತು ಈಗ ಅಂಗಡಿ ಇಟ್ಟುಕೊಂಡವರು. ನಾವು ಮೇಲಿನಿಂದ ಬಂದೆವು ಅಂದಾಗ ಟೀ ಸೋಸುವುದನ್ನು ನಿಲ್ಲಿಸಿದರು.

“ನಾನು ಒಂದ್ಸಲವೂ ಹತ್ತಿಲ್ಲ. ದೇಶದೇಶದವರು ಬರ್ತಾರಂತೆ. ಮೇಲೆ ಏನಿದೆ?” ಅಂತ ಕೇಳಿದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಅವರ ಪಕ್ಕದ ಬೆಂಚಿನ ಮೇಲೆ ಸರಿದು ಕೂತಳು.

“ಹುಲ್ಲದ. ಕಡವೆ ಅದ. ಚಳಿ. ಬಂಡ ಮ್ಯಾಲ ಮಲಗಿ ನೋಡುದ್ರ ನಿಮ್ಮೂರು ಕಾಣ್ತದ. ಬೋ ಚೆಂದಾಗದ ಕಣವ್ವ ನಿಮ್ಮೂರು, ಅಲ್ಲಿಂದ.”

ತಮಿಳಿಗೆ ತಿರುಗಿಸುವಾಗ ನಾನು ಒಂದೆರಡು ಪದ ಹುಡುಕಬೇಕಾಯಿತು. ಆಕೆ ಮೋಡದ ಕಡೆ ನೋಡಿದರು, ತಮ್ಮ ಅಂಗಡಿಯ ತಗಡಿನ ಮಾಡಿನ ಕಡೆ ನೋಡಿದರು, ಆಮೇಲೆ ನಕ್ಕರು. ಈ ಸಲ ಮೊಮ್ಮಕ್ಕಳ ರಜೆಯಲ್ಲಿ ಹೋಗಿಯೇ ಬರುತ್ತೇನೆ ಅಂದರು. ಬೆಲ್ಲದ ಚೂರು ಕಚ್ಚಿಕೊಂಡು ಟೀ ಕುಡಿಯುವುದನ್ನು ಇಬ್ಬರಿಗೂ ತೋರಿಸಿಕೊಟ್ಟರು. ದೊಡ್ಡವ್ವ ಎರಡನೇ ಲೋಟ ಕೇಳಿ ಇಸಿದುಕೊಂಡಳು. ಮೇಲೆ ಕಂಡದ್ದು ಕೆರೆಯೋ ಗೋಡೌನೋ ಎಂಬುದನ್ನು ಕೇಳಲು ಎಲ್ಲರಿಗೂ ಮರೆತೇಹೋಯಿತು.

ಅಲ್ಲಿಂದ ಮುಂದೆ ರಸ್ತೆ ಸಲೀಸಾಗಿತ್ತು. ದೊಡ್ಡವ್ವ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ನನಗೂ ಕಣ್ಣು ಎಳೆಯುತ್ತಿತ್ತು. ಅವ್ವ ಮಾತ್ರ ಕಿಟಕಿಯ ಹತ್ತಿರವೇ ಇದ್ದಳು.

“ಏನವ್ವ, ಆ ಮರಗೋಳ್ಗೆಲ್ಲ ಕಾಯಿ ಚಿಪ್ಪು ಕಟ್ಟವ್ರಲ್ಲ,” ಅಂತ ನನ್ನ ತೋಳು ಅಲುಗಿಸಿದಳು, “ಯಾತುಕ್ಕ? ಕೇಳು ಅವುರ್ನ.”

ನಾನು ಕೇಳಿದೆ. ರಬ್ಬರಿನ ಹಾಲು ಹಿಡಿಯಲು ಅಂದರು ಡ್ರೈವರು. ಅವ್ವನಿಗೆ ನಂಬಿಕೆ ಬರಲಿಲ್ಲ. ಅವರು ವ್ಯಾನನ್ನು ಪಕ್ಕಕ್ಕೆ ಹಾಕಿದರು. ಅವ್ವ ಶೂ ಕಾಲಿಗೆ ಏರಿಸಿಕೊಂಡು ಇಳಿದಳು.