ಚೀಲ ಹಿಡಿದ ನಸೀಮಾ

ಮೌಲ್ಯಮಾಪನಕ್ಕೆ ಬಂದ ಸರ್ ತಕ್ಕಡಿಯನ್ನು ನಸೀಮಾಳ ಮುಂದಿಟ್ಟು, “ಅರ್ಧ ಕಿಲೋ ಶೇಂಗಾ ತೂಗಿ ತೋರ್ಸವ್ವಾ” ಅಂದರು.

ಅವಳು ತಕ್ಕಡಿ ಮುಟ್ಟಲೇ ಇಲ್ಲ. ನನ್ನ ಮುಖ ನೋಡಿದಳು.

“ನಾ ಚೀಲ ಹಿಡಿಯೂದಷ್ಟರೀ ಸರ್...”

ನನಗೆ ತಲೆ ಎತ್ತಲಾಗಲಿಲ್ಲ.

ಬ್ಯಾಡಗಿ ಹತ್ತಿರದ ಹಳ್ಳಿಯ ಶಾಲೆಯೊಂದರಲ್ಲಿ ನಾನು ಮೂರನೇ ಕ್ಲಾಸಿನ ಟೀಚರ್. ಈ ಸಲ ಬರೆಯುವ ಪರೀಕ್ಷೆಯ ಜೊತೆಗೆ ಮಕ್ಕಳು ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ನಮ್ಮದು ಗುಂಪಾಗಿ ಆಡುವ ಅಂಗಡಿ ಆಟ. ತೂಗಬೇಕು, ಹೇಗೆ ತೂಗಿದೆ ಅಂತ ಬಾಯಿಬಿಟ್ಟು ಹೇಳಲೂಬೇಕು.

ಮೊದಲು ಮೆಣಸಿನಕಾಯಿ ಇಟ್ಟೆ, ಇಡೀ ಕ್ಲಾಸು ಸೀನಿತು. ಆಮೇಲೆ ಶೇಂಗಾ ತಂದೆ. ಪ್ರಾಕ್ಟೀಸ್ ಮುಗಿಯುವಷ್ಟರಲ್ಲಿ ಅದರಲ್ಲಿ ಅರ್ಧ ಪಾಲು ಮಕ್ಕಳ ಹೊಟ್ಟೆ ಸೇರಿರುತ್ತಿತ್ತು!

ತೂಗುವ ಕೆಲಸ ಚೈತ್ರಾಗೆ ಕೊಟ್ಟೆ. ಅರಳು ಹುರಿದಂತೆ ಮಾತಾಡುವ ಹುಡುಗಿ. ನಸೀಮಾಳ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಮಾತಾಡುವ ಮೊದಲು ಸ್ವಲ್ಪ ತಡೆಯುತ್ತಾಳೆ.

ಅಷ್ಟು ಕಾಯುವ ತಾಳ್ಮೆ ನನಗಿರಲಿಲ್ಲ. ಗುಂಪಿನ ಆಟ ಚಂದ ಕಾಣಬೇಕಿತ್ತಲ್ಲ! ನೀನು ಚೀಲದ ಬಾಯಿ ತೆರೆದು ಹಿಡಿ, ಸಾಕು ಅಂದೆ. ಪಾಪ, ಪ್ರತಿ ಪ್ರಾಕ್ಟೀಸಿನಲ್ಲೂ ಎಷ್ಟು ಜೋಪಾನವಾಗಿ ಹಿಡಿಯುತ್ತಿದ್ದಳು...

ಆದರೆ ಸರ್ ಒಬ್ಬೊಬ್ಬರನ್ನೇ ಕರೆದು ಕೇಳಿದರು.

“ಈಕಿಗೆ ಇನ್ನೂ ಬರೂದಿಲ್ಲ ಬಿಡ್ರಿ ಟೀಚರ್” ಎಂದು ಅವಳೆದುರೇ ಹೇಳಿ, ಕಡಿಮೆ ಗ್ರೇಡ್ ಹಾಕಿ ಮುಂದಿನ ಮಗುವನ್ನು ಕರೆದರು.

ಬರುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಒಂದು ದಿನವಾದರೂ ಅವಳ ಕೈಗೆ ತಕ್ಕಡಿ ಕೊಟ್ಟಿದ್ದರೆ ತಾನೇ?

ತಪ್ಪು ನನ್ನದು ಸರ್, ಅವಳದ್ದಲ್ಲ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಂಡದ್ದು ಆ ಮಗು.

ಮರುದಿನ ನಸೀಮಾಳನ್ನು ಕರೆದು ತಕ್ಕಡಿ ಕೊಟ್ಟೆ.

ನಿಧಾನವಾಗಿ ತೂಗುತ್ತಾಳೆ. ನಾಲ್ಕು ಶೇಂಗಾ ಹಾಕುತ್ತಾಳೆ, ಒಂದು ತೆಗೆಯುತ್ತಾಳೆ, ಮುಳ್ಳು ನೆಟ್ಟಗಾಗುವವರೆಗೆ ಬಿಡುವುದಿಲ್ಲ. ಹೇಗೆ ತೂಗಿದೆ ಅಂತ ತಡೆತಡೆದು ಹೇಳಿಯೂ ಬಿಟ್ಟಳು. ಎಲ್ಲವೂ ಸರಿಯಾಗಿತ್ತು. ನಾನು ಚಪ್ಪಾಳೆ ತಟ್ಟಿದೆ.

ಅವಳು ನಗಲಿಲ್ಲ. ಬಾಗಿಲ ಕಡೆ ನೋಡಿದಳು.

“ಸರ್ ಇವತ್ತೂ ಬರ್ತಾರೇನ್ರಿ ಟೀಚರ್?”

ಇಲ್ಲವ್ವಾ ಅಂದೆ.

ತಕ್ಕಡಿ ಕೆಳಗಿಟ್ಟಳು. ಪಕ್ಕದಲ್ಲಿದ್ದ ಖಾಲಿ ಚೀಲ ಎತ್ತಿಕೊಂಡು, ಮೊದಲಿನ ಹಾಗೇ ಬಾಯಿ ತೆರೆದು ಹಿಡಿದು ನಿಂತಳು.

ನಿಮ್ಮ ಮಕ್ಕಳು ಗುಂಪಿನಲ್ಲಿ ಏನು ಹಿಡಿದು ನಿಂತಿದ್ದಾರೆ, ಒಮ್ಮೆ ಕೇಳಿ ನೋಡಿದ್ದೀರಾ?