ನಡುಗಡ್ಡೆಯಲ್ಲಿ ಹಾಕಿದ ಹಾರ್ನು

ಬೋಟಿನ ಚುಕ್ಕಾಣಿ ಅಕ್ಕನ ಕೈಯಲ್ಲಿ, ಮೈಕು ತಂಗಿಯ ಕೈಯಲ್ಲಿ. ಮೊಸಳೆ, ನೀರುನಾಯಿ ನೋಡಲು ಬಂದವರನ್ನು ಹೊಳೆಯಲ್ಲಿ ಸುತ್ತಾಡಿಸಿ, ನಡುವೆ ಒಂದು ನಡುಗಡ್ಡೆಯಲ್ಲಿ ಇಳಿಸಿ, ಹಕ್ಕಿಗೂಡು ತೋರಿಸಿ ಕರೆತರುವುದು ಅವರ ಕೆಲಸ. ಅಪ್ಪ ಹೋದ ಮೇಲೆ ಗಂಡಸರ ಕುಹಕವನ್ನು ಕಿವಿಗೆ ಹಾಕಿಕೊಳ್ಳದೆ ಕಸುಬು ಕಲಿತವಳು ಅಕ್ಕ. ತಂಗಿಗೆ ಕೆಲಸ ಕೊಡಿಸಿದವಳೂ ಅವಳೇ.

ತಂಗಿಯದು ಅರಳು ಹುರಿದಂಥ ಮಾತು. ಮೊಸಳೆ ಬಾಯಿ ತೆರೆದರೆ ಅದನ್ನು ಅತ್ತೆಯ ಆಕಳಿಕೆ ಎನ್ನುವಳು. ಜನ ಬಿದ್ದು ಬಿದ್ದು ನಗುವರು. ಇಳಿಯುವಾಗ ಎಲ್ಲರಿಗೂ ಅವಳ ಜೊತೆಗೇ ಫೋಟೊ ಬೇಕು. ಒಮ್ಮೆ ಒಬ್ಬಾಕೆ ಅಕ್ಕನ ಕೈಗೆ ಫೋನು ಕೊಟ್ಟು, ತೆಗೆದುಕೊಡಿ ಎಂದಳು. ಅಕ್ಕ ತೆಗೆದಳು, ತಂಗಿಯ ತಲೆ ಅರ್ಧ ಕತ್ತರಿಸಿ ಹೋಗುವಂತೆ.

ಊಟಕ್ಕೆ ಕೂತರೆ ಅಮ್ಮನದೂ ಅದೇ ರಾಗ. ಇವತ್ತು ಏನು ಹೇಳಿ ನಗಿಸಿದೆ ಎಂದು ಕಿರಿಯವಳನ್ನೇ ಕೇಳುವಳು. ಹಿರಿಯವಳು ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಏಳುವಳು.

ಒಂದು ಬೆಳಿಗ್ಗೆ ನಡುಗಡ್ಡೆಯ ಮರಗಳ ಕೆಳಗೆ ತಂಗಿ ಪಿಸುಮಾತಿನಲ್ಲಿ ಬೆಳ್ಳಕ್ಕಿಗಳ ಸಂಸಾರದ ಕಥೆ ಹೇಳುತ್ತಿದ್ದಳು. ಹೊರಡುವ ಹೊತ್ತು ಮೀರಿತ್ತು. ದಡದ ಬೋಟಿನಲ್ಲಿ ಕೂತಿದ್ದ ಅಕ್ಕನಿಗೆ ಬಾಯಿ ಬಿಟ್ಟು ಕೇಳುತ್ತಿದ್ದ ಜನರ ಮುಖಗಳು ಕಂಡವು. ಗೂಡು ಕಟ್ಟುವ ಕಾಲದಲ್ಲಿ ಅಲ್ಲಿ ಹಾರ್ನು ಹಾಕಬಾರದೆಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಕೈ ಗುಂಡಿಯ ಮೇಲೆ ಹೋಯಿತು. ಉದ್ದಕ್ಕೆ ಒತ್ತಿದಳು.

ಹಕ್ಕಿಗಳು ಒಟ್ಟಿಗೇ ಬೆದರಿ ಎದ್ದವು. ಇದೂ ಆಟದ ಭಾಗವೆಂದುಕೊಂಡ ಜನ ತಂಗಿಗೆ ಚಪ್ಪಾಳೆ ತಟ್ಟಿದರು. ತಾಯಿಯಿಲ್ಲದ ಗೂಡುಗಳಿಗೆ ಕಾಗೆಗಳು ಇಳಿದು ಮೊಟ್ಟೆ ಕುಕ್ಕತೊಡಗಿದಾಗ ಚಪ್ಪಾಳೆ ನಿಂತಿತು.

ಬೋಟು ನಡೆಸುವವರ ಆಫೀಸಿನಲ್ಲಿ ವಿಚಾರಣೆ ಆಯಿತು. ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ, ಹಾರ್ನು ಹಾಕು ಎಂದು ತಾನೇ ಸನ್ನೆ ಮಾಡಿದ್ದೆನೆಂದಳು. ಅವಳ ಮೈಕು ಕಿತ್ತುಕೊಂಡು ಟಿಕೆಟ್ ಕಿಟಕಿಯ ಹಿಂದೆ ಕೂರಿಸಿದರು.

ಹೊರಗೆ ಬಂದು ಅಕ್ಕ ಕೇಳಿದಳು: "ಯಾಕೆ ಸುಳ್ಳು ಹೇಳಿದೆ?"

"ನೀನು ಬೇಕೂಂತ ಒತ್ತಿದ್ದು ನಂಗೆ ಗೊತ್ತಕ್ಕ. ನನ್ನ ಕಂಡ್ರೆ ನಿಂಗೆ ಆಗಲ್ಲ ಅಂತಾನೂ ಗೊತ್ತು. ಆದ್ರೆ ಬೋಟೂ ಹೋದ್ರೆ ನಿಂಗೆ ಇನ್ನೇನಿದೆ?"

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಆ ಕನಿಕರ ಮೈಯೆಲ್ಲ ಉರಿಸಿತು. ಒಳ್ಳೆಯತನದಲ್ಲೂ ಇವಳೇ ಮುಂದಾದಳಲ್ಲ! ಮರುದಿನ ನೆಟ್ಟಗೆ ಆಫೀಸಿಗೆ ಹೋಗಿ, ಹೊಟ್ಟೆಕಿಚ್ಚಿಗೆ ತಾನೇ ಒತ್ತಿದ್ದೆಂದು ಹೇಳಿಬಿಟ್ಟಳು. ಆ ಮೊಟ್ಟೆಗಳಿಗಾಗಿ ಮರುಗಿದ್ದು ನಿಜ. ತಂಗಿಯ ಹಂಗಿನಲ್ಲಿ ಬದುಕಲಾರೆನೆಂಬ ಹಟವೂ ಅಷ್ಟೇ ನಿಜ.

ಹಕ್ಕಿಗಳ ಕಾಲ ಮುಗಿಯುವವರೆಗೆ ಅವಳಿಗೆ ಬೋಟು ತೊಳೆಯುವ ಕೆಲಸ ಸಿಕ್ಕಿತು. ಮೈಕು ತಂಗಿಗೆ ಮರಳಿತು. ಚುಕ್ಕಾಣಿಗೆ ಹೊಸಬನೊಬ್ಬ ಬಂದ.

ಸಂಜೆ ತಂಗಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಹೊಸಬ ಎಂಜಿನ್ ತಗ್ಗಿಸುವುದೇ ಇಲ್ಲವಂತೆ, ಒಂದು ನೀರುನಾಯಿಯೂ ಕಾಣಲಿಲ್ಲವಂತೆ, ಜನ ದಾರಿಯುದ್ದಕ್ಕೂ ಗೊಣಗಿದರಂತೆ. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನೊಂದು ಬ್ರಷ್ಷನ್ನು ಅವಳತ್ತ ಸರಿಸಿ, "ಆ ಬದಿ ಉಜ್ಜು," ಎಂದಳು.

ತಂಗಿ ಅಂಗಿಯ ತೋಳು ಮಡಚಿ ಉಜ್ಜುತ್ತಲೇ ಹೊಸಬನ ಗತ್ತನ್ನು ಅಣಕಿಸಿ ತೋರಿಸಿದಳು. ಅಕ್ಕನಿಗೆ ನಗು ಉಕ್ಕಿ ಬಂತು. ಮುಖವನ್ನು ಆಚೆ ತಿರುಗಿಸಿಕೊಂಡಳು.