ಚಿಪ್ಪಿನಲ್ಲಿ ಅಳೆದ ಮುದ್ದೆ

ದೊಡ್ಡಮ್ಮನ ಬಲಗೈಯಲ್ಲಿ ಒಂದು ಬೆಳ್ಳಿ ಕಡಗವಿತ್ತು. ಇತ್ತು ಎನ್ನುವುದಕ್ಕಿಂತ ಹೂತುಹೋಗಿತ್ತು ಎನ್ನಬೇಕು. ಮದುವೆಯಲ್ಲಿ ತೊಡಿಸಿದ್ದು, ಆಮೇಲೆ ಕೈ ಬೆಳೆಯಿತು, ಕಡಗ ಬೆಳೆಯಲಿಲ್ಲ. ಎರಡೂ ಪಕ್ಕ ಮಾಂಸ ಉಬ್ಬಿ, ನಡುವೆ ಬೆಳ್ಳಿಯ ಗೆರೆ ಮಾತ್ರ ಕಾಣುತ್ತಿತ್ತು. ಮಕ್ಕಳಾದ ನಾವು ಅದನ್ನು ತಿರುಗಿಸಲು ಹೋಗಿ ಸೋಲುತ್ತಿದ್ದೆವು. "ಬಿಡ್ರೇ, ಅದು ನನ್ನ ಜೊತೆಗೇ ಹೋಗೋದು" ಎಂದು ಮೈಯೆಲ್ಲಾ ಕುಲುಕಿ ನಗುತ್ತಿದ್ದಳು.

ನನ್ನ ತಂದೆಯ ಅಣ್ಣನ ಹೆಂಡತಿ ಅವಳು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಅವರ ಹೆಂಡಿರು, ನಾವು ಒಂದು ಹಿಂಡು ಮಕ್ಕಳು. ಹೊರಗಿನ ಅಂಕಣದಲ್ಲಿ ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದ ಹೊಸತು. ಅದರ ಸದ್ದಿಗೆ ನಮ್ಮ ಮನೆಯವರೆಲ್ಲ ಕೂಗಿ ಮಾತನಾಡುವುದನ್ನು ಕಲಿತರು. ನನ್ನ ಗಂಟಲು ಇವತ್ತಿಗೂ ಇಳಿದಿಲ್ಲ.

ಮುದ್ದೆ ಕಟ್ಟುವ ಕೆಲಸ ದೊಡ್ಡಮ್ಮನದೇ. ಕೈ ತಣ್ಣೀರಿಗೆ ಅದ್ದಿ, ಹೊಗೆಯಾಡುವ ಹಿಟ್ಟನ್ನು ಹಲಗೆಯ ಮೇಲೆ ಹೊರಳಿಸಿದರೆ ಯಾರದು ಯಾವುದೆಂದು ನೋಡಿದೊಡನೆ ತಿಳಿಯುತ್ತಿತ್ತು. ದೊಡ್ಡಪ್ಪನದು ಎಲ್ಲಕ್ಕಿಂತ ದೊಡ್ಡದು. ನನ್ನ ತಂದೆಯದು ಸ್ವಲ್ಪ ಚಪ್ಪಟೆ, ಅವರಿಗೆ ಹಾಗೇ ಬೇಕು. ಶಾಲೆಯಲ್ಲಿ ಪೆಟ್ಟು ತಿಂದು ಬಂದವರ ಮುದ್ದೆ ಅವತ್ತು ಒಂದು ಚೂರು ದಪ್ಪವಾಗಿರುತ್ತಿತ್ತು. ನಾವು ಹೇಳದಿದ್ದರೂ ಅವಳಿಗೆ ಹೇಗೋ ಗೊತ್ತಾಗುತ್ತಿತ್ತು.

ಅವಳ ಮುದ್ದೆ ಯಾವುದು? ಅದನ್ನು ನಾವ್ಯಾರೂ ಕೇಳಿರಲಿಲ್ಲ. ಗಂಡಸರದು ಆಗಿ, ಮಕ್ಕಳದು ಆಗಿ, ಕೊನೆಗೆ ದೊಡ್ಡಮ್ಮ, ನನ್ನ ಅಮ್ಮ, ಚಿಕ್ಕಮ್ಮ ಮೂವರೂ ಅಡುಗೆಮನೆಯ ನೆಲದಲ್ಲಿ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಸುತ್ತ ಕೂರುತ್ತಿದ್ದರು. ತಳ ಹಿಡಿದ ಹಿಟ್ಟು, ಸಾರಿನ ಗಟ್ಟಿ, ಮಕ್ಕಳು ತಟ್ಟೆಯಲ್ಲಿ ಬಿಟ್ಟೆದ್ದ ಚೂರು, ಎಲ್ಲಾ ಅಲ್ಲೇ ಮುಗಿಯಬೇಕು. ದಿನದಲ್ಲಿ ಅವರು ಸೊಂಟ ಊರುತ್ತಿದ್ದುದು ಅದೊಂದೇ ಹೊತ್ತು. ಊಟಕ್ಕಿಂತ ಮಾತು ಹೆಚ್ಚು, ಮಾತಿಗಿಂತ ನಗು ಹೆಚ್ಚು. ಗಂಡಸರನ್ನೆಲ್ಲ ಆಡಿಕೊಂಡು ಮುಗಿಸುವ ತನಕ ಏಳುತ್ತಿರಲಿಲ್ಲ.

ಒಂದು ವರ್ಷ ದೊಡ್ಡಮ್ಮನ ಕಾಲಿನ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾನು ಆಗ ಹೈಸ್ಕೂಲಿನಲ್ಲಿದ್ದೆ, ಬಸ್ಸಿನ ಬೋರ್ಡು ಓದುವುದಕ್ಕೆ ಜೊತೆ ಹೋದವಳು. ಸಕ್ಕರೆ ಕಾಯಿಲೆ ಎಂದರು. ಮೈ ಇಳಿಯಲೇಬೇಕು, ಇಲ್ಲದಿದ್ದರೆ ಕಣ್ಣಿಗೆ ಬರುತ್ತದೆ ಎಂದರು.

ಕಣ್ಣು ಎಂದೊಡನೆ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು. ರಾಜಘಟ್ಟದಲ್ಲಿದ್ದ ಅವಳ ತಾಯಿಗೆ ಇದೇ ಕಾಯಿಲೆಯಲ್ಲಿ ಕಣ್ಣು ಹೋಗಿ, ಕೊನೆಕೊನೆಗೆ ಮಗಳ ಮುಖವನ್ನು ತಡವಿ ಗುರುತು ಹಿಡಿಯುತ್ತಿದ್ದಳಂತೆ. ದೊಡ್ಡಮ್ಮನಿಗೋ ಕಣ್ಣೇ ಬದುಕು. ಮಗ್ಗದಲ್ಲಿ ಒಂದು ಹಾಸು ಮುಗಿದರೆ, ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಸೇರಿಸಿ ಹೊಸೆಯುವವಳು ಅವಳು. ಬೀದಿಯಲ್ಲಿ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು.

"ದಿನಾ ಎಷ್ಟು ತಿಂತೀರಮ್ಮಾ?" ಎಂದು ಡಾಕ್ಟರು ಕೇಳಿದರು.

ದೊಡ್ಡಮ್ಮ ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ.

"ಸರಿ, ತಿನ್ನೋದರಲ್ಲಿ ಅರ್ಧ ಮಾಡಿ."

"ಎಷ್ಟರಲ್ಲಿ ಅರ್ಧ ಸಾ? ಮನೇಲಿ ಎಲ್ಲರದೂ ಹೇಳ್ತೀನಿ. ನಂದು ಎಷ್ಟು ಅಂತ ನಂಗೇ ಗೊತ್ತಿಲ್ವಲ್ಲ."

ಊರಿಗೆ ಬಂದವಳೇ ಒಂದು ತೆಂಗಿನ ಚಿಪ್ಪನ್ನು ಉಜ್ಜಿ ತೊಳೆದು ಗೂಡಿನಲ್ಲಿಟ್ಟುಕೊಂಡಳು. ಹೊತ್ತಿಗೆ ಅದರ ತುಂಬ ಹಿಟ್ಟು, ಅಂಚು ಮೀರದಂತೆ ತಲೆ ಸವರಿ. ಸೊಪ್ಪು ಮಾತ್ರ ಎಷ್ಟಾದರೂ. ಅನ್ನ ಮಾಡಿದ ದಿನ ಅರ್ಧ ಚಿಪ್ಪು. ಅದರಲ್ಲಿ ಕಟ್ಟಿದ ಮುದ್ದೆ ನೋಡಿ ದೊಡ್ಡಪ್ಪ, "ಜನ ಬೇರೆಯೋರ ಕೈಗೆ ಚಿಪ್ಪು ಕೊಡ್ತಾರೆ, ನೀನು ನಿನ್ನ ಕೈಗೇ ಕೊಟ್ಕೊಂಡ್ಯಲ್ಲೇ!" ಎಂದು ನಕ್ಕ. ಅವಳೂ ನಕ್ಕಳು. ಆದರೆ ಚಿಪ್ಪು ಬಿಡಲಿಲ್ಲ. ಒಬ್ಬಟ್ಟಿನ ದಿನವೂ ಬಿಡಲಿಲ್ಲ.

ಹೀಗೆ ತಿಂಗಳುಗಳೇ ಕಳೆದರೂ ಕಡಗ ಮಾತ್ರ ಅಲುಗಲಿಲ್ಲ. ಮತ್ತೆ ಹೋದಾಗ ಡಾಕ್ಟರು ಸಿಟ್ಟಾದರು. ಮೇಲಿಂದ ಇನ್ನೇನು ತಿನ್ನುತ್ತೀರಿ ಎಂದರು. ಏನೂ ಇಲ್ಲ ಎಂದು ದೊಡ್ಡಮ್ಮ ದೇವರ ಆಣೆ ಮಾಡಿದಳು. ನಾನು ಬಾಯಿ ಮುಚ್ಚಿಕೊಂಡಿರುವ ಜಾತಿಯವಳಲ್ಲ. "ಮಕ್ಕಳು ಬಿಟ್ಟಿದ್ದು ತಿಂತೀಯಲ್ಲ ದೊಡ್ಡಮ್ಮ" ಎಂದೆ.

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಊಟ ಅಲ್ಲ ಕಣೇ. ಅದು ಎತ್ತಿ ಹಾಕೋದು!"

ಡಾಕ್ಟರು ನಗಲಿಲ್ಲ. "ಹೊಟ್ಟೆಗೆ ಅದೆಲ್ಲ ಗೊತ್ತಾಗಲ್ಲಮ್ಮ" ಎಂದರು. ವಾಪಸು ಬರುವಾಗ ಬಸ್ಸು ಯಲಹಂಕ ದಾಟಿದ ಮೇಲೆ ಒಂದೇ ಮಾತು ಹೇಳಿದಳು: "ಇಷ್ಟು ವರ್ಷ ನಾನು ತಿಂದಿದ್ದೆಲ್ಲಾ ಅದೇ ಕಣೇ."

ಮಾರನೆಯ ದಿನ ಮೂವರೂ ಕೂರುವ ಹೊತ್ತಿಗೆ ದೊಡ್ಡಮ್ಮ ತನ್ನ ಚಿಪ್ಪಿನ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು ಎದ್ದಳು. ಅಡುಗೆಮನೆಯ ಪಕ್ಕದಲ್ಲಿ ನೂಲು ಸುತ್ತುವ ರಾಟೆಯ ಕೋಣೆ. ಅಲ್ಲಿ ಹೋಗಿ ಕೂತಳು.

ಅಮ್ಮ ಬಾಗಿಲಿಗೆ ಬಂದಳು. "ಯಾಕಕ್ಕ, ನಾವೇನಾದ್ರೂ ಅಂದ್ವಾ?"

"ಇಲ್ಲ ಕಣೇ. ಅಲ್ಲಿ ಕೂತ್ರೆ ಕೈ ಹೋಗುತ್ತೆ."

"ನಿಮ್ಮ ಮುಂದೆ ಮಿಕ್ಕಿದ್ದೇನೂ ಇಡಲ್ಲ. ಬನ್ನಿ."

"ನೀವು ನಗ್ತಾ ಇದ್ರೆ ನಂಗೆ ಕೈ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗಲ್ಲ. ಹೋಗು, ತಣ್ಣಗಾಗುತ್ತೆ."

ಅಂದಿನಿಂದ ಅವಳ ಊಟ ರಾಟೆಯ ಕೋಣೆಯಲ್ಲೇ. ಮೊದಮೊದಲು ಅಮ್ಮ ಮತ್ತು ಚಿಕ್ಕಮ್ಮ ಅವಳ ಜಾಗ ಬಿಟ್ಟು ಕೂರುತ್ತಿದ್ದರು. ಆಮೇಲೆ ಅಲ್ಲಿ ನೀರಿನ ಚೊಂಬು ಬಂದು ಕೂತಿತು. ನಾನು ಕೆಲವೊಮ್ಮೆ ತಟ್ಟೆ ಹಿಡಿದು ದೊಡ್ಡಮ್ಮನ ಬಳಿ ಹೋದರೆ ಓಡಿಸುತ್ತಿದ್ದಳು. "ನೀನು ಅರ್ಧ ಬಿಡೋಳು, ನನ್ನ ಕಣ್ಣೆದುರಿಗೆ ಬಿಡಬೇಡ. ಅವರ ಜೊತೆ ಹೋಗು." ಉಂಡಾದ ಮೇಲೆ ರಾಟೆ ತಿರುಗಿಸುವಳು. ಅಡುಗೆಮನೆಯಿಂದ ನಗು ಬಂದರೆ ರಾಟೆ ನಿಲ್ಲುತ್ತಿತ್ತು. ಏನು ಮಾತು ಎಂದು ಕಿವಿಗೊಟ್ಟು, ಪೂರ್ತಿ ಕೇಳಿಸದೆ, ಮತ್ತೆ ತಿರುಗಿಸುವಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಮೈ ಇಳಿಯಿತು. ಮೊದಲು ಕಡಗ ತಿರುಗಿತು, ಆಮೇಲೆ ಜಾರಿತು, ಮುದ್ದೆ ಕಟ್ಟುವಾಗ ಮೊಣಕೈ ಕಡೆಗೆ ಓಡತೊಡಗಿತು. ಸಕ್ಕರೆ ಹತೋಟಿಗೆ ಬಂತು. ಎಲ್ಲರಿಗೂ ಸಂತೋಷವಾಗಬೇಕಾಗಿತ್ತು. ಆದರೆ ನಮ್ಮ ಕಡೆ ತುಂಬಿದ ಮನೆಯಲ್ಲಿ ಒಬ್ಬಳು ಸೊರಗಿದರೆ ಜನ ಬೇರೆಯದೇ ಕೇಳುತ್ತಾರೆ. ದೇವನಹಳ್ಳಿಯ ಒಂದು ಮದುವೆಯಲ್ಲಿ ನೆಂಟರೊಬ್ಬರು ದೊಡ್ಡಮ್ಮನ ತೋಳು ಹಿಡಿದು ನೋಡಿ, ಅಮ್ಮನಿಗೆ ಕೇಳಿಸುವಂತೆಯೇ, "ಯಾಕವ್ವಾ, ವಾರಗಿತ್ತೀರು ಹಿಟ್ಟು ಇಕ್ಕಲ್ವಾ?" ಎಂದರು. ಅಮ್ಮ ಅವತ್ತು ಎಲೆಯ ಮುಂದೆ ಕೂರಲಿಲ್ಲ.

ಮುಂದಿನ ಮದುವೆಗೆ ಹೊರಡುವಾಗ ದೊಡ್ಡಮ್ಮ ಸೀರೆ ಉಟ್ಟು ಬಂದರೆ ನಮಗೆಲ್ಲ ಗಾಬರಿ, ಒಂದೇ ದಿನಕ್ಕೆ ಮತ್ತೆ ದಪ್ಪಗಾಗಿದ್ದಾಳೆ! ಒಳಗೆ ಲಂಗದ ಮೇಲೆ ಲಂಗ ಹಾಕಿ, ಮೇಲೆ ದಪ್ಪ ಜರಿಯ ಸೀರೆ ಸುತ್ತಿಕೊಂಡಿದ್ದಳು. "ನಿನ್ನ ಹೆಸರು ಯಾಕೆ ಕೆಡಬೇಕು ಹೇಳು" ಎಂದಳು ಅಮ್ಮನಿಗೆ. ಬೇಸಿಗೆಯ ಮದುವೆ, ಇಡೀ ದಿನ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದಳು. ಅಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ನೆಂಟರ ಮಾತಿನಿಂದ ಅವರಿಬ್ಬರ ನಡುವೆ ಬಂದಿದ್ದ ಬಿಗುವು ಆಮೇಲೆ ಹೋಯಿತು. ಆದರೂ ಊಟಕ್ಕೆ ಅವಳು ರಾಟೆಯ ಕೋಣೆಗೇ ಹೋದಳು. ಚೊಂಬು ತನ್ನ ಜಾಗದಲ್ಲೇ ಇತ್ತು.

ನನಗೆ ನೆಲಮಂಗಲದಲ್ಲಿ ಟೀಚರ್ ಕೆಲಸ ಸಿಕ್ಕಿ, ಭಾನುವಾರಗಳಲ್ಲಿ ಮಾತ್ರ ಊರಿಗೆ ಬರುವಂತಾಯಿತು. ಅಷ್ಟು ಹೊತ್ತಿಗೆ ದೊಡ್ಡಮ್ಮನ ಹೃದಯ ದಣಿದಿತ್ತು. ಕಣ್ಣಿಗೆ ಮಾತ್ರ ಏನೂ ಆಗಿರಲಿಲ್ಲ. ಹಾಸಿಗೆ ಹಿಡಿಯುವುದಕ್ಕೆ ಹತ್ತು ದಿನ ಮುಂಚೆ ಕೂಡ ಕನ್ನಡಕವಿಲ್ಲದೆ ಎಳೆ ಸೇರಿಸಿದ್ದಳು. ಕಡಗ ಬಿದ್ದುಹೋಗದಂತೆ ಕೈಗೆ ರೇಷ್ಮೆ ದಾರದಿಂದ ಕಟ್ಟಿಕೊಂಡಿದ್ದಳು.

ಒಂದು ಭಾನುವಾರ ನಾನು ಬಂದಾಗ ಅವಳು ಗಂಜಿಯನ್ನೂ ಬೇಡವೆಂದಿದ್ದಳು. ನಾನು ಅವಳ ಚಾಪೆಯ ಪಕ್ಕದಲ್ಲೇ ತಟ್ಟೆ ಹಿಡಿದು ಕೂತೆ. ಓಡಿಸಲಿಲ್ಲ. ನಾನು ಉಣ್ಣುವುದನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿದಳು.

"ಮಿಕ್ಕಿದ್ದು ಕೊಡೇ."

ನಾನು ಅಮ್ಮನನ್ನು ಕೂಗಿದೆ. ನನ್ನ ಗಂಟಲಿಗೆ ಚಿಕ್ಕಮ್ಮನೂ ಓಡಿ ಬಂದಳು. ಅಮ್ಮ ನನ್ನ ತಟ್ಟೆ ನೋಡಿದಳು, ಚಾಚಿದ ಕೈ ನೋಡಿದಳು, ಒಳಗೆ ಹೋಗಿ ಹಿಟ್ಟಿನ ಪಾತ್ರೆ, ಸಾರಿನ ಪಾತ್ರೆ ಎರಡನ್ನೂ ತಂದು ಚಾಪೆಯ ಪಕ್ಕ ಇಟ್ಟಳು. ಇಬ್ಬರೂ ಸುತ್ತ ಕೂತರು. ಚಿಕ್ಕಮ್ಮ ದೊಡ್ಡಪ್ಪನ ಮೇಲೆ ಏನೋ ಹಳೆಯ ಮಾತು ತೆಗೆದಳು. ದೊಡ್ಡಮ್ಮನಿಗೆ ನಗು ಬಂತು, ಜೊತೆಗೆ ಕೆಮ್ಮೂ ಬಂತು. ನನ್ನ ತಟ್ಟೆಯ ಉಗುರಿನಷ್ಟು ಮುದ್ದೆಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು, ನುಂಗಿದ ಮೇಲೆ ಅಮ್ಮನ ಮುಖ ನೋಡಿದಳು.

"ಇದು ಲೆಕ್ಕಕ್ಕೆ ಬರುತ್ತೇನೇ?"

"ಇಲ್ಲಕ್ಕ. ಇದು ಊಟ ಅಲ್ಲ, ಎತ್ತಿ ಹಾಕೋದು" ಎಂದಳು ಅಮ್ಮ.

ಅದೇ ವಾರ ದೊಡ್ಡಮ್ಮ ಹೋದಳು.

ಈಗ ಸಕ್ಕರೆ ಕಾಯಿಲೆ ನನಗೂ ಇದೆ. ಅಳತೆಯ ಊಟ ಕಲಿತದ್ದು ಅವಳಿಂದಲೇ. ನನ್ನ ಕಣ್ಣು ಇನ್ನೂ ಚೆನ್ನಾಗಿರುವುದೂ ಅವಳ ಋಣ. ಹೊತ್ತಿಗೆ ಒಂದು ಚಿಪ್ಪು ಹಿಟ್ಟು, ತಲೆ ಸವರಿ. ಡಾಕ್ಟರು ಮೆಚ್ಚುತ್ತಾರೆ, ಇಷ್ಟು ಕಟ್ಟುನಿಟ್ಟಾಗಿ ಯಾರೂ ಇರುವುದಿಲ್ಲ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನದೇನೂ ಇಲ್ಲ. ಕೈ ಹೋಗಲು ಪಕ್ಕದಲ್ಲಿ ಯಾರ ತಟ್ಟೆಯೂ ಇಲ್ಲ.